ಕಿಸೆ ಕ್ಯಾಮೆರಾದ ಜೂಮ್ ಹಿಂಗ ಪರೀಕ್ಷೆ ಮಾಡ್ರಿ

ಬೀದರದಾಗ ಬಿದ್ರಿ ಸಾಮಾನಿನ ಫೋಟೊ ತೆಗೆಯೋದು ನನ್ನ ಕೆಲಸ. ಹೂಜಿ, ಹೂದಾನಿ, ಸಣ್ಣ ಡಬ್ಬಿ, ಆನ್‌ಲೈನ್ ಮಾರಾಟಕ್ಕ ಏನ್ ಬಂದ್ರೂ ಸರಿ. ಈಗ ಕಾಲೇಜು ಹುಡುಗ್ರು ಹಳೇ ಡಿಜಿಟಲ್ ಕ್ಯಾಮೆರಾ ಹುಡುಕ್ಕೊಂಡು ಹೊಂಟಾರ. ಅಂಗೈಯಾಗ ಮುಚ್ಚಿ ಹೋಗೋ ಒಂದನ್ನ ನನ್ನ ಮುಂದ ಇಟ್ಟು, "ಕಾಕಾ, ಇದು ಛಲೋ ಅದ ಏನ್?" ಅಂತಾರ. ನಾ ನೋಡೋದು ಮುಖ್ಯ ಒಂದೇ: ಜೂಮ್ ಪೂರಾ ಎಳೆದ ಮ್ಯಾಲ ಅದು ಕೆಲಸಕ್ಕ ಬರ್ತದೋ ಇಲ್ಲೋ. ಜೂಮ್ ಎಳೀದಂಗ ಅಗಲಕ್ಕ ಇಟ್ಟು ಹಗಲು ಹೊತ್ತಿನಾಗ ತೆಗೆದ್ರ ಎಲ್ಲಾ ಕ್ಯಾಮೆರಾನೂ ಶಾಣ್ಯಾ ಇರ್ತಾವ.

ಡಬ್ಬಿ ಮ್ಯಾಲಿನ "20ಎಕ್ಸ್" ಬಿಡ್ರಿ. ಲೆನ್ಸ್ ಸುತ್ತ ಸಣ್ಣ ಅಕ್ಷರದಾಗ ಬರೆದದ್ದು ಓದ್ರಿ. 5.0–25.0 ಮಿ.ಮೀ. ಅಂತಿದ್ರ 25ನ್ನ 5ರಿಂದ ಭಾಗಿಸ್ರಿ, 5ಎಕ್ಸ್ ಬರ್ತದ. ಖರೇ ಆಪ್ಟಿಕಲ್ ಜೂಮ್ ಅಷ್ಟೇ. ಉಳಿದದ್ದು ಚಿತ್ರದ ನಡುವಿನ ತುಂಡು ಕತ್ತರಿಸಿ ಹಿಗ್ಗಿಸೋದು, ಅದನ್ನ ಮನ್ಯಾಗ ಕಂಪ್ಯೂಟರ್ ಮುಂದ ಕೂತೂ ಮಾಡಬಹುದು. ಅದಕ್ಕೇ ಡಿಜಿಟಲ್ ಜೂಮ್ ಅಂತಾರ; ಪರೀಕ್ಷೆಗಿ ಮೊದಲು ಮೆನುದಾಗ ಹೋಗಿ ಅದನ್ನ ಬಂದ್ ಮಾಡ್ರಿ.

ಅಲ್ಲೇ 1:2.8–5.9 ಅಂತ ಇನ್ನೊಂದು ಜೋಡಿ ಇರ್ತದ, ಲೆನ್ಸಿನ ಬಾಯಿ ಎಷ್ಟು ತೆರೀತದ ಅನ್ನೋ ಲೆಕ್ಕ; ನಂಬರು ದೊಡ್ಡದಾದಷ್ಟು ಬೆಳಕು ಕಡಿಮಿ. ಅಂಗಡಿಯವರು ಇದರ ಮಾತೇ ಎತ್ತೂದಿಲ್ಲ. ಅಗಲಕ್ಕಿದ್ದಾಗ 2.8, ಪೂರಾ ಎಳೆದಾಗ 5.9 ಅಂದ್ರ ಒಳಗ ಬರೋ ಬೆಳಕು ಕಾಲು ಭಾಗಕ್ಕಿಂತ ಕಡಿಮಿ. ಆಗ ಕ್ಯಾಮೆರಾ ಶಟರ್ ನಿಧಾನ ಮಾಡ್ತದ, ಇಲ್ಲಾ ಐಎಸ್‌ಒ, ಅಂದ್ರ ಬೆಳಕಿಗಿ ಸ್ಪಂದಿಸೋ ಪ್ರಮಾಣ, ಏರಿಸ್ತದ. ಮೊದಲನೇದ್ರಾಗ ಚಿತ್ರ ಅಲುಗಾಡ್ತದ, ಎರಡನೇದ್ರಾಗ ಕಾಳುಕಾಳು ಆಗ್ತದ. ಎರಡನೇ ನಂಬರು ಎಷ್ಟು ಸಣ್ಣದೋ ಅಷ್ಟು ಛಲೋ.

ಅಂಗಡ್ಯಾಗ ಆನ್ ಮಾಡಿ ಕಿವಿ ಹತ್ರ ಹಿಡೀರಿ. ಲೆನ್ಸ್ ಹೊರಗ ಬರುವಾಗ ಕರಕರ ಅಂದ್ರ ಒಳಗ ಧೂಳು ಹೊಕ್ಕದ ಅಂತ ತಿಳೀರಿ, ನಮ್ಮ ಕೆಂಪು ಮಣ್ಣಿಗಿ ಅದೇನ್ ಭಾರಿ ಕೆಲಸ ಅಲ್ಲ. ಲೆನ್ಸ್ ಮುಚ್ಚೋ ಸಣ್ಣ ಮುಚ್ಚಳ ಎರಡೂ ಪೂರಾ ತೆರೀಬೇಕು. ಆಮ್ಯಾಲ ಜೂಮ್ ಕೊನಿತನಕ ಎಳೆದು ಬಿಳಿ ಗೋಡಿ ತೆಗೀರಿ; ಮಸುಕು ಚುಕ್ಕಿ ಕಂಡ್ರ ಸೆನ್ಸರ್ (ಚಿತ್ರ ಹಿಡಿಯೋ ಚಿಪ್) ಮ್ಯಾಲೂ ಧೂಳದ. ಲೆನ್ಸ್ ಹೊರಗ ಬರದ ಮಾದರಿಗಳೂ ಅದಾವ. 2002ರ ಮಿನೋಲ್ಟಾ ಡಿಮಾಜ್ ಎಕ್ಸ್‌ನಾಗ ಬೆಳಕನ್ನ ಒಳಗ 90 ಡಿಗ್ರಿ ಹೊರಳಿಸಿ, 20 ಮಿ.ಮೀ. ದಪ್ಪದ ಮೈಯಾಗ 3ಎಕ್ಸ್ ಜೂಮ್ ಕೂಡಿಸಿದ್ರು. ಅಂಥದ್ರಾಗ ಧೂಳಿನ ಕಾಟ ಕಡಿಮಿ.

ದೂರದ ಪರೀಕ್ಷೆಗಿ ನಮ್ಮೂರಾಗ ಮಹಮೂದ್ ಗವಾನ್ ಮದರಸಾಕ್ಕಿಂತ ಛಲೋ ಜಾಗಾ ಇಲ್ಲ. 1472ರ ಕಟ್ಟಡ, ಉಳಿದ ಮಿನಾರಿನ ಮ್ಯಾಲ ಅಲ್ಲಲ್ಲಿ ಹೆಂಚಿನ ಬಣ್ಣ ಇನ್ನೂ ಅದ. ಅಂಗಳದಾಗ ನಿಂತು ಜೂಮ್ ಪೂರಾ ಎಳೆದು ಆ ಅಂಕುಡೊಂಕು ಪಟ್ಟಿ ತೆಗೀರಿ. ಕ್ಯಾಮೆರಾ ಸ್ಕ್ರೀನ್ ಮ್ಯಾಲ ಹಿಗ್ಗಿಸಿ ನಡುವ ಅಷ್ಟೇ ಅಲ್ಲ, ನಾಲ್ಕು ಮೂಲಿನೂ ನೋಡ್ರಿ. ಅಂಚಿಗಿ ನೇರಳೆ ಗೆರಿ ಬಂದ್ರ ಲೆನ್ಸ್ ಸಾದಾ. ಸಣ್ಣ ಸೆನ್ಸರಿನ ಕ್ಯಾಮೆರಾದಾಗ ಲೆನ್ಸ್ ಮ್ಯಾಲಿನ ಆ 25 ಮಿ.ಮೀ. ಹಳೇ ಫಿಲ್ಮ್ ಕ್ಯಾಮೆರಾ ಲೆಕ್ಕದಾಗ ಸುಮಾರು 140 ಮಿ.ಮೀ. ಆಗ್ತದ. ಅಷ್ಟು ಎಳೆದಾಗ ಸಣ್ಣ ಅಲುಗಾಟನೂ ದೊಡ್ಡದಾಗ್ತದ, ಹಂಗಾಗಿ ಶಟರ್ 1/125 ಸೆಕೆಂಡಿಗಿಂತ ನಿಧಾನ ಆದ್ರ ಕೈ ನಡುಕ ಕಾಣ್ತದ. ಹೊತ್ತು ಮುಳುಗೂತನಕ ಅಲ್ಲೇ ಕೂತು ನಡುಕ ತಡೆಯೋ ಸೌಲಭ್ಯ ಹಾಕಿ ಒಂದು, ತೆಗೆದು ಒಂದು ಹೊಡೀರಿ. ನಡುಕದಾಗ ಫರಕ್ ಕಾಣದಿದ್ರ ಅದು ಹೆಸರಿಗಷ್ಟೇ ಸೌಲಭ್ಯ.

ಇನ್ನ ನನ್ನ ಖಾಸಾ ಪರೀಕ್ಷೆ. ಒಂದು ಬಿದ್ರಿ ಹೂಜಿ ಕಿಟಕಿ ಬೆಳಕಿನಾಗ ಇಡ್ರಿ. ಸತುವು-ತಾಮ್ರದ ಮೈ, ಬೀದರ ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡಿದ್ದು, ಅದರಾಗ ಕೂದಲೆಳಿಯಂಥ ಬೆಳ್ಳಿ. ಕ್ಯಾಮೆರಾಕ್ಕ ಇದು ಭಾಳ ತ್ರಾಸು. ಎಲ್ಲಾ ಕಪ್ಪೇ ಕಾಣೂದ್ರಿಂದ ಬೆಳಕು ಸಾಲೂದಿಲ್ಲ ಅಂತ ತಿಳಿದು ಎಕ್ಸ್‌ಪೋಶರ್ (ಚಿತ್ರಕ್ಕ ಬೀಳೋ ಬೆಳಕು) ಏರಿಸ್ತದ, ಮೈ ಬೂದಿ ಬಣ್ಣ ಆಗ್ತದ, ಬೆಳ್ಳಿ ಬಳ್ಳಿಯ ಎಲಿಗಳು ಬೆಳ್ಳಗ ಕರಗಿ ಒಂದಕ್ಕೊಂದು ಅಂಟ್ತಾವ. ಎಕ್ಸ್‌ಪೋಶರ್ ಒಂದು ಹಂತ ಕೆಳಗಿಳಿಸ್ರಿ. ಎಲಿಯ ನಡುವಿನ ಕಪ್ಪು ಸಂದು ತಿರುಗಿ ಬರ್ಬೇಕು. ಇಳಿಸ್ಲಿಕ್ಕ ದಾರಿನೇ ಇರದ ಕ್ಯಾಮೆರಾ ನಾ ಮುಟ್ಟೂದಿಲ್ಲ.

ಅಗಲಕ್ಕಿಟ್ಟು ಮ್ಯಾಕ್ರೊದಾಗ ಹತ್ರ ಹೋದ್ರ ಫೋಕಸ್ ಆಗ್ತದ ಖರೆ, ಆದ್ರ ಹೂಜಿ ಹೊಟ್ಟಿ ಉಬ್ಬಿ ಕೊರಳು ಸಣ್ಣಾಗ್ತದ, ಕಪ್ಪು ಮೈಯಾಗ ನಿಮ್ಮ ಕೈ, ಕ್ಯಾಮೆರಾ ಎರಡೂ ಕಾಣ್ತಾವ. ಹಿಂದ ಸರಿದು ಜೂಮ್ ಎಳೀರಿ. ಆಗ ಗೊತ್ತಾಗ್ತದ, ಎಷ್ಟು ದೂರದಾಗ ಫೋಕಸ್ ಹಿಡೀತದ ಅಂತ. ಅರ್ಧ ಮೀಟರಿನಾಗ ಹಿಡಿದ್ರ ಛಲೋ, ಒಂದು ಮೀಟರ್ ಬೇಕಂದ್ರ ಸಣ್ಣ ಸಾಮಾನಿಗಿ ಆ ಜೂಮ್ ಇದ್ದೂ ಇಲ್ಲದಂಗ. ನಡುವಿನ ಜೂಮ್‌ನಾಗೂ ನೋಡ್ರಿ, ನನ್ನ ಕೆಲಸ ಹೆಚ್ಚಿಗಿ ಅಲ್ಲೇ ಮುಗೀತದ.

ಕಾರ್ಡ್ ವಿಚಾರ ಸಣ್ಣದು, ಆದ್ರ ಕೇಳ್ರಿ. ಭಾಳ ಹಳೇದ್ರಾಗ 2 ಜಿಬಿ ಮೀರಿದ ಎಸ್‌ಡಿ ಕಾರ್ಡ್ ನಡೆಯೂದಿಲ್ಲ. ಮೆಮೊರಿ ಸ್ಟಿಕ್, ಎಕ್ಸ್‌ಡಿ ಕಾರ್ಡ್ ಬೇಡೋವು ಇದ್ರ ಕಾರ್ಡ್ ಕೂಡಿಸೇ ತಗೋರಿ. ಬ್ಯಾಟರಿ ತೆಗೆದು ಮೇಜಿನ ಮ್ಯಾಲ ಇಡ್ರಿ, ಉಬ್ಬಿದ್ರ ತೂಗಾಡ್ತದ. ಅಂಥದನ್ನ ಚಾರ್ಜ್‌ಗಿ ಹಾಕಬ್ಯಾಡ್ರಿ, ಹೊಸ ಬ್ಯಾಟರಿ ಖರ್ಚು ಬೆಲಿದಾಗ ಕಳೀರಿ.