ಪೇಢಾ ಕೊನೆಗಿರಲಿ: ಧಾರವಾಡದ ಪೇಟೆಯಲ್ಲಿ ಒಂದು ದಿನ ತಿರುಗುವ ಬಗೆ

ಹುಬ್ಬಳ್ಳಿಗೆ ಮದುವೆಗೆ ಬಂದವರು, ದಾಂಡೇಲಿಗೆ ಹೊರಟವರು, ಮಕ್ಕಳ ಅಡ್ಮಿಶನ್‌ಗೆ ಓಡಾಡುವವರು ಎಲ್ಲರೂ ಧಾರವಾಡದಲ್ಲಿ ಅರ್ಧ ತಾಸು ಗಾಡಿ ನಿಲ್ಲಿಸುತ್ತಾರೆ. ಪೇಢಾ ಕಟ್ಟಿಸಿಕೊಂಡು ಹೋಗುತ್ತಾರೆ. ಆಮೇಲೆ ಫೋನ್ ಮಾಡಿ “ನಿಮ್ಮ ಊರು ನೋಡಿದ್ವಿ” ಅನ್ನುತ್ತಾರೆ. ನೋಡಿಲ್ಲ, ಬಿಡಿ.

ನಾನು ಮಾಳಮಡ್ಡಿಯವಳು. ಮದುವೆಯಾಗಿ ಬಂದಾಗಿನಿಂದ ಇದೇ ಪೇಟೆಯಲ್ಲಿ ಕಾಯಿಪಲ್ಲೆ, ಸೀರೆ, ಪುಸ್ತಕ ಎಲ್ಲ ತರುತ್ತಿದ್ದೇನೆ. ಒಂದು ಪೂರ್ತಿ ದಿನ ಇಟ್ಟುಕೊಂಡು ಬರುವ ನೆಂಟರಿಗೆ ನಾನು ಹೇಳುವುದು ಒಂದೇ: ಪೇಢಾ ಎಲ್ಲಕ್ಕಿಂತ ಕೊನೆಗೆ. ಬೆಳಿಗ್ಗೆಯೇ ಸಿಹಿ ತಿಂದರೆ ನಾಲಿಗೆಯೂ ಹೋಯಿತು, ಹಸಿವೂ ಹೋಯಿತು.

ಕಾರು ತರಬೇಡಿ. ಹುಬ್ಬಳ್ಳಿಯಲ್ಲಿ ಇಳಿದುಕೊಂಡಿದ್ದರೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತಿ. ಸುಮಾರು 20 ಕಿಲೋಮೀಟರ್ ದಾರಿ, ಅದಕ್ಕೇ ಬೇರೆ ಹಾದಿ ಇದೆ, ತಣ್ಣಗೆ ಕೂತು ಬರಬಹುದು. ಜುಬಿಲಿ ಸರ್ಕಲ್ಲಿನಲ್ಲಿ ಇಳಿಯಿರಿ. ಬೋರ್ಡಿನ ಮೇಲೆ ಆಲೂರು ವೆಂಕಟರಾವ್ ವೃತ್ತ ಎಂದು ಕಂಡರೆ ಗಾಬರಿ ಬೇಡ, ಎರಡೂ ಒಂದೇ. ಸುಭಾಸ ರಸ್ತೆ, ಮಾರ್ಕೆಟ್ಟು, ಗಾಂಧಿ ಚೌಕ, ಲೈನ್ ಬಜಾರ್ ಎಲ್ಲವೂ ಇಲ್ಲಿಂದ ನಡೆದೇ ಮುಗಿಸುವಷ್ಟು ಹತ್ತಿರ. ಬಟ್ಟೆಯ ಕೈಚೀಲ ಎರಡಿರಲಿ, ಒಂದು ಹಸಿ ಸಾಮಾನಿಗೆ, ಇನ್ನೊಂದು ಒಣ ಸಾಮಾನಿಗೆ. ಹತ್ತು, ಇಪ್ಪತ್ತರ ನೋಟು ಜಾಸ್ತಿ ಇಟ್ಟುಕೊಳ್ಳಿ. ಈಗ ಬುಟ್ಟಿಗಳ ಮುಂದೆಯೂ ಫೋನ್ ಸ್ಕ್ಯಾನ್ ಮಾಡುವ ರಟ್ಟು ಕಾಣುತ್ತದೆ, ಆದರೆ ಹಳ್ಳಿಯಿಂದ ಬಂದ ಅಜ್ಜಿಗೆ ಕೈಯಲ್ಲಿ ದುಡ್ಡು ಕೊಟ್ಟರೇ ಸಮಾಧಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಛತ್ರಿ ಬೇಕೇ ಬೇಕು. ನಮ್ಮ ಊರಿನ ಮಳೆ ಜೋರಾಗಿ ಬಂದು ಹೋಗುವುದಕ್ಕಿಂತ ಜಿಟಿಜಿಟಿ ಹಿಡಿದು ಕೂರುವುದೇ ಹೆಚ್ಚು.

ನಾಷ್ಟಾ ಕಡಿಮೆ ಮಾಡಿ. ಒಂದು ಪ್ಲೇಟ್ ಒಗ್ಗರಣೆ ಅವಲಕ್ಕಿ, ಇಲ್ಲವೆಂದರೆ ಉಪ್ಪಿಟ್ಟು ಜೊತೆಗೆ ಸ್ವಲ್ಪ ಶಿರಾ. ಮೇಲೆ ಚಹಾ. ಕಾಫಿ ಕುಡಿಯಲೇಬೇಕು ಅನ್ನುವ ಮೈಸೂರು ಕಡೆಯವರಿಗೆ ನಾನು ಏನೂ ಹೇಳುವುದಿಲ್ಲ. ಈ ಊರಿನ ಕೈ ಪಳಗಿದ್ದು ಚಹಾಕ್ಕೇ.

ಎಂಟೂವರೆ, ಒಂಬತ್ತರ ಹೊತ್ತಿಗೆ ಸೂಪರ್ ಮಾರ್ಕೆಟ್ಟಿಗೆ ಹೋಗಿ. ಹೆಸರು ಕೇಳಿ ಏಸಿ ಹಾಕಿದ ಅಂಗಡಿ ಎಂದುಕೊಳ್ಳಬೇಡಿ. ಅದು ನಮ್ಮ ಕಾಯಿಪಲ್ಲೆ ಮಾರ್ಕೆಟ್ಟು. ನೆಲದ ಮೇಲೆ ಗೋಣಿಚೀಲ ಹಾಸಿ, ತಪ್ಪಲು ಪಲ್ಲೆಯ ಸಿವುಡು, ಅಂದರೆ ಸೊಪ್ಪಿನ ಕಟ್ಟು, ಜೋಡಿಸಿಕೊಂಡು ಕೂತ ಹೆಣ್ಣುಮಕ್ಕಳ ಸಾಲು ಮೊದಲು ನೋಡಿ. ಮೆಂತೆ, ರಾಜಗಿರಿ, ಪುಂಡಿಪಲ್ಲೆ, ಕಿರಕಸಾಲಿ, ಹಕ್ಕರಕಿ. ಬೆಂಗಳೂರಿನಲ್ಲಿ ಸೊಪ್ಪು ಎಂದರೆ ನಾಲ್ಕು ಹೆಸರು ಹೇಳಿ ಮುಗಿಸುತ್ತಾರೆ. ಇಲ್ಲಿ ಪಲ್ಲೆ ಕೇಳಿದರೆ “ಯಾವ ಪಲ್ಲೆರೀ?” ಎಂದು ತಿರುಗಿ ಕೇಳುತ್ತಾರೆ.

ಹೊರಗಿನವರಿಗೆ ಪಲ್ಲೆ ಯಾಕೆ ಅಂತೀರಾ? ಹಕ್ಕರಕಿ ಒಂದು ಸಿವುಡು ತೆಗೆದುಕೊಳ್ಳಿ. ಅದನ್ನು ಬೇಯಿಸುವುದಿಲ್ಲ, ತೊಳೆದು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವುದು. ಸ್ವಲ್ಪ ಕಹಿ, ಸ್ವಲ್ಪ ಖಾರ. ಮಧ್ಯಾಹ್ನ ಊಟಕ್ಕೆ ಉಪಯೋಗಕ್ಕೆ ಬರುತ್ತದೆ. ಎಳೆಯ ಎಲೆಯದ್ದನ್ನೇ ಆರಿಸಿ, ಹೂ ಬಿಟ್ಟದ್ದು ಬೇಡ.

ಚೌಕಾಸಿ ಬಗ್ಗೆ ಒಂದು ಮಾತು. ಪಲ್ಲೆ ಮಾರುವವರ ಹತ್ತಿರ ಮಾಡಬೇಡಿ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಹೊತ್ತು ತಂದಿರುತ್ತಾರೆ, ಉಳಿದರೆ ಸಂಜೆಗೆ ಬಾಡಿ ಹೋಗುತ್ತದೆ. ಬೆಲೆ ಹೇಳುವಾಗಲೇ ಕಡಿಮೆ ಹೇಳಿರುತ್ತಾರೆ. “ಯವ್ವಾ, ಎಷ್ಟಕ್ಕ ಸಿವುಡಾ?” ಎಂದು ಕೇಳಿ, ಕೊಟ್ಟು, ತೆಗೆದುಕೊಳ್ಳಿ. ಮೇಲೆ ನಾಲ್ಕು ಎಸಳು ಕೊತ್ತಂಬರಿ ತಾವೇ ಹಾಕುತ್ತಾರೆ. ಹಣ್ಣಿನವರ ಹತ್ತಿರ ಮಾತ್ರ ಧಾರಾಳವಾಗಿ ಮಾಡಿ. ಅವರು ನಿಮ್ಮ ಮಾತು ಕೇಳಿದ ಕೂಡಲೇ ಊರು ಪತ್ತೆ ಹಚ್ಚಿ ದರ ಹೇಳುತ್ತಾರೆ.

ಹಣ್ಣಿನ ವಿಷಯದಲ್ಲಿ ತಿಂಗಳು ನೋಡಿ ಬರಬೇಕು. ಮೇ ತಿಂಗಳಾದರೆ ಆಪೂಸ ಮಾವು. ರತ್ನಾಗಿರಿಯ ಹೆಸರು ದೊಡ್ಡದು, ಇರಲಿ. ಕೆಲಗೇರಿ ಕಡೆಯ ತೋಟದ ಹಣ್ಣು ಹುಲ್ಲಿನಲ್ಲಿ ಹಣ್ಣಾದದ್ದು ಸಿಕ್ಕರೆ ನಾನು ರತ್ನಾಗಿರಿ ಕಡೆ ತಿರುಗಿಯೂ ನೋಡುವುದಿಲ್ಲ. ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ. ಬಣ್ಣ ಇದ್ದು ವಾಸನೆ ಇಲ್ಲದಿದ್ದರೆ ಬಿಟ್ಟುಬಿಡಿ. ಚಳಿಗಾಲವಾದರೆ ನವಲೂರಿನ ಪೇರಲ. ನವಲೂರು ಹುಬ್ಬಳ್ಳಿ ಧಾರವಾಡದ ನಡುವೆಯೇ ಇದೆ, ನಿಮ್ಮ ಚಿಗರಿ ಬಸ್ಸು ಅದನ್ನು ದಾಟಿಯೇ ಬಂದಿರುತ್ತದೆ. ಅದೇ ಕಾಲಕ್ಕೆ ಸೀತನಿಯೂ ಬರುತ್ತದೆ, ಎಳೆಯ ಜೋಳದ ತೆನೆ ಸುಟ್ಟು ಬಡಿದು ಉದುರಿಸಿದ ಕಾಳು. ಶೇಂಗಾ ಚಟ್ನಿ ಜೊತೆ ಬಿಸಿ ಇದ್ದಾಗಲೇ ತಿನ್ನಬೇಕು. ಅದು ಸಿಕ್ಕ ದಿನ ಬೇರೆ ಯಾವ ತಿಂಡಿಯೂ ಲೆಕ್ಕಕ್ಕಿಲ್ಲ.

ಒಣಮೆಣಸಿನಕಾಯಿ ಕೊಳ್ಳುವ ಮನಸ್ಸಿದ್ದರೆ ಬ್ಯಾಡಗಿ ಕೇಳಿ. ಡಬ್ಬಿ ಮತ್ತು ಕಡ್ಡಿ ಎಂದು ಎರಡು ಬಗೆ ತೋರಿಸುತ್ತಾರೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು. ಎರಡರದ್ದೂ ಮೈ ಸುಕ್ಕುಗಟ್ಟಿರುತ್ತದೆ, ಬಣ್ಣ ಗಾಢ, ಖಾರ ಕಡಿಮೆ. ಒಂದನ್ನು ಮುರಿದು ನೋಡಿ. ಸದ್ದಾಗದೆ ಬಾಗಿದರೆ ತೇವ ಇದೆ ಎಂದರ್ಥ, ತೂಕಕ್ಕೆ ದುಡ್ಡು ಕೊಡುತ್ತೀರಿ ಅಷ್ಟೆ. ಜನವರಿಯಿಂದ ಮಾರ್ಚ್‌ವರೆಗೆ ಹೊಸ ಮಾಲು.

ಬಟ್ಟೆ ಅಂಗಡಿಗಳು ಬಾಗಿಲು ತೆಗೆದು, ಕಸ ಹೊಡೆದು, ಊದುಬತ್ತಿ ಹಚ್ಚುವಷ್ಟರಲ್ಲಿ ಹತ್ತೂವರೆ. ಆ ಹೊತ್ತಿಗೆ ಗಾಂಧಿ ಚೌಕದ ಕಡೆಗೆ, ಜವಳಿ ಸಾಲಿಗೆ ನಡೆಯಿರಿ. ಹಳೆಯ ಅಂಗಡಿಗಳಲ್ಲಿ ಈಗಲೂ ಗಾದಿಯ ಮೇಲೆ ಕೂರಿಸಿ ಸೀರೆ ಬಿಚ್ಚಿ ತೋರಿಸುತ್ತಾರೆ. ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಆರಾಮ ಕೂತುಕೊಳ್ಳಿ. ಅವಸರ ತೋರಿಸಿದರೆ ಮೇಲಿನ ಕಪಾಟಿನ ಮಾಲು ಕೆಳಗೆ ಇಳಿಯುವುದೇ ಇಲ್ಲ.

ಇಳಕಲ್ ಸೀರೆ ನೋಡುವಾಗ ಮೊದಲು ಸೆರಗು ಶುರುವಾಗುವ ಜಾಗ ಹಿಡಿಯಿರಿ. ಒಡಲಿನ ಎಳೆ ಮತ್ತು ಸೆರಗಿನ ಎಳೆಯನ್ನು ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸುತ್ತಾರೆ. ಬೆಳಕಿಗೆ ಹಿಡಿದರೆ ಎಳೆ ಎಳೆಗೆ ಸಿಕ್ಕಿಕೊಂಡಿರುವುದು ಕಾಣಬೇಕು. ಸೆರಗು ನಿಜವಾದ ರೇಷ್ಮೆಯೋ ಆರ್ಟ್ ಸಿಲ್ಕೋ ಎಂದು ನೇರವಾಗಿ ಕೇಳಿ. ಕೈಮಗ್ಗವೋ ಪವರ್‌ಲೂಮೋ ಎಂದೂ ಕೇಳಿ. ಕೇಳಿದವರಿಗೆ ಸರಿಯಾಗಿ ಹೇಳುತ್ತಾರೆ, ಕೇಳದವರಿಗೆ ಸುಮ್ನೆ “ಇಳಕಲ್‌ರೀ” ಅನ್ನುತ್ತಾರೆ. ದಡಿ ಅಂದರೆ ಸೀರೆಯ ಅಂಚು, ಅದರಲ್ಲಿ ನನಗೆ ಗೋಮಿ ಇಷ್ಟ. ನಮ್ಮ ಅತ್ತೆಯವರಿಗೆ ಗಾಡಿ ದಡಿ ಬಿಟ್ಟು ಬೇರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಇಷ್ಟು ಖರ್ಚು ಬೇಡವೆಂದರೆ ಗುಳೇದಗುಡ್ಡದ ಖಣ ಕೊಳ್ಳಿ. ಒಂದು ಕುಬುಸಕ್ಕಾಗುವಷ್ಟು ತುಂಡು ಕಡಿಮೆ ದುಡ್ಡಿಗೆ ಸಿಗುತ್ತದೆ, ಯಾರಿಗೆ ಕೊಟ್ಟರೂ ಖುಷಿ ಪಡುತ್ತಾರೆ.

ಕಸೂತಿ ಸ್ವಲ್ಪ ಕಷ್ಟದ ವಿಷಯ. ಅಂಗಡಿಯಲ್ಲಿ “ಕಸೂತಿ” ಎಂದು ತೋರಿಸುವುದರಲ್ಲಿ ಮಷೀನಿನದೇ ಬಹಳ. ಪತ್ತೆ ಮಾಡುವುದು ಸುಲಭ: ಬಟ್ಟೆ ತಿರುಗಿಸಿ. ಗವಂತಿ, ಮುರಗಿ ಹೊಲಿಗೆಯಲ್ಲಿ ಮಾಡಿದ ಕಸೂತಿ ಎರಡೂ ಬದಿ ಒಂದೇ ಥರ ಇರುತ್ತದೆ. ಗಂಟು ಇರುವುದಿಲ್ಲ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದೂ ಇಲ್ಲ, ಎಳೆ ಎಣಿಸಿ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆ ಏಳುತ್ತವೆ. ಹಿಂದೆ ದಾರ ಜೋತಾಡುತ್ತಿದ್ದರೆ, ಬಿಳಿ ಕಾಗದ ಅಂಟಿಸಿದ್ದರೆ ಅದು ಮಷೀನು. ನೇಗಿ ಮತ್ತು ಮೆಂತೆ ಹೊಲಿಗೆಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವು ಎರಡೂ ಬದಿ ಒಂದೇ ಇರುವುದಿಲ್ಲ. ಕೈಕಸೂತಿಯ ಸೀರೆಗೆ ಹೇಳುವ ಬೆಲೆ ಕೇಳಿ ಹೌಹಾರಬೇಡಿ. ಒಬ್ಬ ಹೆಣ್ಣುಮಗಳು ವಾರಗಟ್ಟಲೆ ಕಣ್ಣು ಕಿರಿದು ಮಾಡಿ ಕೂತ ಕೆಲಸ ಅದು.

ಒಂದು ಗಂಟೆಗೆ ಊಟ. ಬೋರ್ಡಿನ ಮೇಲೆ ಖಾನಾವಳಿ ಎಂದಿರುವಲ್ಲಿಗೇ ಹೋಗಿ. “ಲಿಂಗಾಯತ ಖಾನಾವಳಿ” ಎಂದು ಬರೆದಿದ್ದರೂ ಯಾರು ಬೇಕಾದರೂ ಹೋಗಬಹುದು, ಶುದ್ಧ ಶಾಕಾಹಾರ ಎಂದು ತಿಳಿದರೆ ಸಾಕು. ಯಾವ ಖಾನಾವಳಿ ಎಂದು ಕೇಳುವವರಿಗೆ ನನ್ನ ಅಳತೆ ಇದು: ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳಬೇಕು. ಕೇಳದಿದ್ದರೆ ಮುಂದಿನದಕ್ಕೆ ನಡೆಯಿರಿ.

ಬಿಸಿ ಜೋಳದ ರೊಟ್ಟಿ ಕೇಳಿ, ಖಡಕ್ ರೊಟ್ಟಿ ಮನೆಗೆ ಒಯ್ಯುವುದಕ್ಕೆ. ಎಣ್ಣೆಗಾಯಿ ಬದನಿಕಾಯಿ, ಒಂದು ಕಾಳುಪಲ್ಲೆ, ಝುಣಕ ಇದ್ದರೆ ಝುಣಕ, ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು. ಕೆಂಪು ಖಾರವನ್ನು ಬೆರಳ ತುದಿಯಷ್ಟು ಮುಟ್ಟಿ ನೋಡಿ ಆಮೇಲೆ ಮುಂದುವರಿಯಿರಿ. ಗುರೆಳ್ಳು ಚಟ್ನಿಗೆ ನಡುವೆ ಕುಳಿ ಮಾಡಿ ಮೊಸರು ಹಾಕಿಕೊಳ್ಳುವುದು, ಶೇಂಗಾ ಚಟ್ನಿಗೆ ಹಸಿ ಎಣ್ಣೆ. ಉಳ್ಳಾಗಡ್ಡಿ, ಸವತಿಕಾಯಿ ಅವರೇ ಕೊಡುತ್ತಾರೆ. ನಿಮ್ಮ ಚೀಲದ ಹಕ್ಕರಕಿ ಕೊಟ್ಟು “ಅಣ್ಣಾ, ಸ್ವಲ್ಪ ತೊಳದು ಕೊಡ್ರೀ” ಎಂದರೆ ನಕ್ಕು ತೊಳೆದು ಕೊಡುತ್ತಾರೆ. ಬಡಿಸುವವರು ಬಿಸಿ ರೊಟ್ಟಿ ಹಿಡಿದು ಸುತ್ತುತ್ತಲೇ ಇರುತ್ತಾರೆ. ಸಾಕು ಎನ್ನುವುದಿದ್ದರೆ ತಟ್ಟೆಯಲ್ಲಿ ಇನ್ನೂ ಅರ್ಧ ರೊಟ್ಟಿ ಇರುವಾಗಲೇ ಅನ್ನಿ. ಖಾಲಿ ತಟ್ಟೆ ಕಂಡರೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಅನ್ನಕ್ಕೆ ಜಾಗ ಉಳಿಯದಿದ್ದರೆ ಬೇಸರ ಬೇಡ.

ಊಟದ ಮೇಲೆ ಪೇಟೆಗೆ ತೂಕಡಿಕೆ. ಕೆಲವು ಅಂಗಡಿ ಅರ್ಧ ಬಾಗಿಲು ಎಳೆದಿರುತ್ತವೆ. ಈ ಹೊತ್ತು ಪುಸ್ತಕಕ್ಕೆ ಇಡಿ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. 1933ರಲ್ಲಿ ಶುರುವಾದ ಪ್ರಕಾಶನ, ಜಿ.ಬಿ. ಜೋಶಿಯವರು ಕಟ್ಟಿ ಬೆಳೆಸಿದ್ದು. ಗಿರೀಶ ಕಾರ್ನಾಡರ ಮೊದಲ ನಾಟಕ ಅಚ್ಚಾದದ್ದು ಇಲ್ಲಿಂದಲೇ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥವರು ಹರಟುತ್ತಾ ಕೂತ ಜಾಗ. ಮೆಟ್ಟಿಲು ಹತ್ತಬೇಕು, ಮೊಣಕಾಲು ನೋವಿನವರು ನಿಧಾನ. ದೊಡ್ಡ ಶೋರೂಮ್ ನಿರೀಕ್ಷೆ ಇಟ್ಟುಕೊಂಡು ಹೋದರೆ ನಿರಾಸೆಯಾದೀತು. ಏನು ಓದುತ್ತೀರಿ ಎಂದು ಹೇಳಿ ಕೇಳಿದರೆ ಹಳೆಯ ಮುದ್ರಣವೇನಾದರೂ ಸಿಕ್ಕೀತು.

ನಾಲ್ಕೂವರೆ ಆಯಿತೆಂದರೆ ಎಣ್ಣೆಯ ಬಾಣಲೆಗಳು ಕಾಯುತ್ತವೆ. ಗಿರಮಿಟ್ ಮತ್ತು ಮಿರ್ಚಿ. ಇವೆರಡನ್ನು ಬೇರೆ ಬೇರೆ ತಿನ್ನುವವರನ್ನು ನಾನು ನಂಬುವುದಿಲ್ಲ. ಗಿರಮಿಟ್ ಎಂದರೆ ಚುರುಮುರಿಗೆ ಹುಣಸೆ ಬೆಲ್ಲದ ಒಗ್ಗರಣೆ ಗೊಜ್ಜು, ಹಸಿ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಹಾಕಿ ಕಲಸಿದ್ದು. ಕಲಸಿದ ಕೂಡಲೇ ತಿನ್ನಬೇಕು. ಫೋಟೋ ತೆಗೆಯುತ್ತಾ ನಿಂತರೆ ಚುರುಮುರಿ ಮೆತ್ತಗಾಗಿ ಎಲ್ಲ ಕೆಟ್ಟಂತೆ. ಕಟ್ಟಿಸಿಕೊಂಡು ಹೋಗುವ ಮಾತೇ ಬೇಡ. ಮಿರ್ಚಿ ನಿಮ್ಮ ಕಣ್ಣ ಮುಂದೆ ಎಣ್ಣೆಯಿಂದ ತೆಗೆದದ್ದೇ ಇರಲಿ, ಬುಟ್ಟಿಯಲ್ಲಿ ಪೇರಿಸಿಟ್ಟದ್ದು ಬೇಡ. ಖಾರ ತಡೆಯದವರು ಒಳಗಿನ ಕಾಯಿ ಎಳೆದು ಹಾಕಿ ಹಿಟ್ಟಿನ ಕವಚ ತಿನ್ನಬಹುದು. ನೋಡಿದವರು ನಗುತ್ತಾರೆ, ನಗಲಿ.

ಈಗ ಪೇಢಾ. ಲೈನ್ ಬಜಾರಿನ ಠಾಕೂರರ ಅಂಗಡಿಯೇ ಮೂಲ. ಆ ಮನೆತನ 19ನೇ ಶತಮಾನದಲ್ಲಿ ಪ್ಲೇಗಿನ ಹೊಡೆತಕ್ಕೆ ಉತ್ತರ ಪ್ರದೇಶದ ಉನ್ನಾವ್ ಬಿಟ್ಟು ಇಲ್ಲಿಗೆ ಬಂದದ್ದು. ಅಂಗಡಿ ಚಿಕ್ಕದು, ಮಾಲು ಮಿತ, ಮುಂದೆ ಸರದಿ. ಅವರದ್ದೇ ಬೇಕು ಎನ್ನುವ ಹಟ ಇದ್ದರೆ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗುವ ಮೊದಲು ಒಮ್ಮೆ ಅತ್ತ ಹಾಯ್ದು, ಯಾವ ವೇಳೆಗೆ ಸಿಗುತ್ತದೆ ಎಂದು ಕೇಳಿಕೊಂಡು ಬನ್ನಿ. ಮುಗಿದ ಮೇಲೆ ಗೋಗರೆದರೆ ಏನೂ ಪ್ರಯೋಜನವಿಲ್ಲ. ಮಿಶ್ರಾ ಪೇಢಾ 1933ರಿಂದ ಇದೆ, ಅದರ ಅಂಗಡಿ ಊರ ತುಂಬಾ, ಹುಬ್ಬಳ್ಳಿಯಲ್ಲೂ ಇವೆ. ಯಾವುದು ಮೇಲು ಎಂಬ ಜಗಳ ನಮ್ಮ ಮನೆಯಲ್ಲೇ ಇನ್ನೂ ಬಗೆಹರಿದಿಲ್ಲ. ಗಂಡನಿಗೆ ಮಿಶ್ರಾ. ನನಗೆ ಠಾಕೂರ, ಯಾಕೆಂದರೆ ಅದರಲ್ಲಿ ಖೋವಾ ಹುರಿದ ವಾಸನೆ ಸಕ್ಕರೆಗಿಂತ ಮುಂದೆ ಬರುತ್ತದೆ.

ಒಳ್ಳೆಯ ಪೇಢಾದ ಬಣ್ಣ ಕಂದು. ಹಾಲು ಬತ್ತಿಸಿದ ಖೋವಾವನ್ನು ಸಕ್ಕರೆಯ ಜೊತೆ ಕೈ ಬಿಡದೆ ಕೆದಕುತ್ತಾ ಹುರಿದಾಗ ಬರುವ ಬಣ್ಣ ಅದು. ಮುರಿದರೆ ಮರಳುಮರಳಾಗಿ ಬಿಡಬೇಕು, ಅಂಟಬಾರದು. ಮೇಲೆ ಸಕ್ಕರೆ ಪುಡಿ ತೆಳ್ಳಗೆ ಹೊರಳಿಸಿರಬೇಕು. ಜಾಸ್ತಿ ಕೊಳ್ಳಬೇಡಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ಅರ್ಧ ಕೆಜಿ ಸಾಕು, ಫ್ರಿಜ್ಜಿನಲ್ಲಿ ತಿಂಗಳು ಇಟ್ಟು ಕಲ್ಲು ಮಾಡಿ ತಿನ್ನುವ ಸಿಹಿ ಇದಲ್ಲ.

ಊರು ಬಿಡುವ ಮುಂಚೆ ರೊಟ್ಟಿ, ಚಟ್ನಿ ಪುಡಿ ಮಾರುವ ಅಂಗಡಿಗೆ ಹೋಗಿ. ಹೆಣ್ಣುಮಕ್ಕಳೇ ಮನೆಯಲ್ಲಿ ಬಡಿದು ನಡೆಸುವಂಥವು ಈಗ ಬಡಾವಣೆಗೊಂದು ಇವೆ. ಖಡಕ್ ರೊಟ್ಟಿ ಎಳ್ಳು ಹಚ್ಚಿದ್ದು ಕೇಳಿ. ಗಾಳಿ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ, ಗುರೆಳ್ಳು, ಅಗಸಿ ಮೂರೂ ಪುಡಿ ಪಾವು ಪಾವು ಕೆಜಿ ಕಟ್ಟಿಸಿ. ಅಗಸಿಯದ್ದನ್ನು ಮೊದಲು ಮುಗಿಸಿ, ಬೇಗ ಮುಗ್ಗುತ್ತದೆ. ಚೀಲ ತುಂಬುವಾಗ ಮೆಣಸಿನಕಾಯಿ ತಳಕ್ಕೆ, ಅದರ ಮೇಲೆ ಪೇಢಾ ಡಬ್ಬಿ, ರೊಟ್ಟಿಯ ಕಟ್ಟು ಎಲ್ಲಕ್ಕಿಂತ ಮೇಲೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಳ್ಳಿ, ಮೇಲಿನ ಕ್ಯಾರಿಯರ್‌ಗೆ ತುರುಕಿದರೆ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಚೂರು.