ಮಕ್ಕಳ ಜೊತೆ ಬೀಚಲ್ಲಿ ಟೆಂಟ್ ಹಾಕ್ತೀರಾ? ಮೊದಲು ಗಾಳಿ ನೋಡಿ

ಗೋಕರ್ಣದ ಓಂ ಬೀಚ್ ದಾಟಿದ ಮೇಲೆ ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ಕಾರು ಹೋಗುವುದಿಲ್ಲ. ಗುಡ್ಡದ ಕಾಲುದಾರಿಯಲ್ಲಿ ನಡೆಯಬೇಕು, ಇಲ್ಲಾ ದೋಣಿ ಹಿಡಿಯಬೇಕು. ಇಂಥ ಕಡೆ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಉಳಿಯುವ ಆಸೆ ಇದ್ದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಎಲ್ಲಾ ಬೀಚಲ್ಲೂ ಟೆಂಟ್ ಹಾಕಲು ಬಿಡುವುದಿಲ್ಲ, ಹಾಗಾಗಿ ಅಲ್ಲಿನ ಪೊಲೀಸ್ ಠಾಣೆಯಲ್ಲೋ ಅರಣ್ಯ ಇಲಾಖೆಯವರ ಹತ್ತಿರವೋ ಮೊದಲೇ ವಿಚಾರಿಸಿ.

ಹೊರಡುವಾಗ ಎಲ್ಲರೂ ಊಟದ ಪಟ್ಟಿ ಮಾಡುತ್ತಾ ಕೂರುತ್ತಾರೆ. ಅಲ್ಲಿ ನಿಜವಾಗಿ ಕಾಡುವುದು ಗಾಳಿ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಅದಕ್ಕೇ ಮಧ್ಯಾಹ್ನದ ಮೇಲೆ ಸಮುದ್ರದಿಂದ ಜೋರಾಗಿ ಬೀಸುತ್ತದೆ, ರಾತ್ರಿ ನೆಲದ ಕಡೆಯಿಂದ ಮೆಲ್ಲಗೆ. ಹನ್ನೊಂದು ಗಂಟೆಯೊಳಗೆ ಟೆಂಟ್ ಕಟ್ಟಿ ಮುಗಿಸಿ. ಟೆಂಟಿನ ತಗ್ಗಾದ, ಕಿರಿದಾದ ಕಡೆ ಸಮುದ್ರಕ್ಕಿರಲಿ, ಬಾಗಿಲು ನೆಲದ ಕಡೆಗೆ. ಸಮುದ್ರಕ್ಕೆ ಬಾಗಿಲಿಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಹಾಸಿಗೆ ತುಂಬಾ ಮರಳೂ ಬರುತ್ತದೆ.

ಟೆಂಟ್ ಜೊತೆ ಕೊಡುವ ಸಣ್ಣ ಗೂಟಗಳು ಒಣ ಮರಳಲ್ಲಿ ನಿಲ್ಲುವುದಿಲ್ಲ. ಅಕ್ಕಿಯ ಖಾಲಿ ಚೀಲ ಐದಾರು ಒಯ್ಯಿರಿ. ಚೀಲಕ್ಕೆ ಅರ್ಧ ಮರಳು ತುಂಬಿ, ಬಾಯಿ ಬಿಗಿದು, ಟೆಂಟಿನ ಹಗ್ಗ ಕಟ್ಟಿ, ಒಂದೂವರೆ ಅಡಿ ಗುಂಡಿಯಲ್ಲಿ ಹಗ್ಗಕ್ಕೆ ಅಡ್ಡವಾಗಿ ಮಲಗಿಸಿ, ಮೇಲೆ ಮರಳೆಳೆದು ಚೆನ್ನಾಗಿ ತುಳಿಯಿರಿ. ಎಳೆದು ನೋಡಿ, ಅಲುಗಬಾರದು. ಗುಂಡಿ ತೋಡುವುದನ್ನು ಮಕ್ಕಳಿಗೆ ಬಿಡಿ, ಕರೆದರೂ ಎದ್ದು ಬರಲ್ಲ ಅವು. ಹೊರಡುವಾಗ ಚೀಲಗಳನ್ನು ಅಗೆದು ವಾಪಸ್ ತನ್ನಿ.

ಜಾಗ ಎಲ್ಲಿ ಅಂದರೆ, ಚಿಪ್ಪು, ಕಡ್ಡಿ, ಪ್ಲಾಸ್ಟಿಕ್ ಸಾಲುಗಟ್ಟಿ ಬಿದ್ದಿರುವ ಗೆರೆ ಹುಡುಕಿ. ಉಬ್ಬರದ ನೀರು ಅಲ್ಲಿವರೆಗೆ ಬಂದಿದೆ ಅಂತ ಅರ್ಥ. ಅದಕ್ಕಿಂತ ಸಾಕಷ್ಟು ಮೇಲಿರಿ, ಹುಣ್ಣಿಮೆ ಅಮಾವಾಸ್ಯೆ ಹತ್ತಿರವಿದ್ದರೆ ಇನ್ನೂ ಮೇಲೆ. ತೆಂಗಿನ ಮರದ ಕೆಳಗಂತೂ ಬೇಡ. ಗಾಳಿಮರದ ತೋಪು ಸಿಕ್ಕರೆ ಒಳ್ಳೆ ಮರೆ, ಆದರೆ ಅದರ ಒಣ ಎಲೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ದೂರ ಇರಲಿ.

ಸಣ್ಣ ಗ್ಯಾಸ್ ಒಲೆಗೆ ಗಾಳಿ ತಡೆಯಲು ಮರೆ ಕಟ್ಟಿ, ಸಿಲಿಂಡರ್ ಸುತ್ತ ಮಾತ್ರ ಮುಚ್ಚಬೇಡಿ, ಬಿಸಿಯೇರುತ್ತದೆ. ಟೆಂಟಿನೊಳಗೆ ಒಲೆ ಹಚ್ಚಲೇಬೇಡಿ, ವಿಷಾನಿಲ ತುಂಬಿ ಜೀವ ಹೋಗುತ್ತದೆ. ನನ್ನ ಕೇಳಿದರೆ ರಾತ್ರಿಗೆ ಚಪಾತಿ, ಶೇಂಗಾ ಚಟ್ನಿಪುಡಿ, ಬೆಳಿಗ್ಗೆಗೆ ಗೊಜ್ಜವಲಕ್ಕಿ ಸಾಕು, ಒಲೆ ಚಹಾಕ್ಕಷ್ಟೇ. ನೀರಲ್ಲಿ ಮಾತ್ರ ಜಿಪುಣತನ ಬೇಡ. ಕುಡಿಯಲು, ಅಡುಗೆಗೆ, ಮುಖ ತೊಳೆಯಲು ತಲೆಗೆ ದಿನಕ್ಕೆ ಐದು ಲೀಟರ್ ಹಿಡಿಯಿರಿ. ಇಷ್ಟು ಹೊತ್ತು ಗುಡ್ಡ ಇಳಿಯುವುದು ಸುಮ್ನೆ ಅಲ್ಲ, ಮಕ್ಕಳಿದ್ದರೆ ದೋಣಿಯೇ ವಾಸಿ.

ನೀರಿಗಿಳಿಯುವ ಮೊದಲು ಐದು ನಿಮಿಷ ನಿಂತು ನೋಡಿ. ಎರಡೂ ಬದಿ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ, ಅದು ಒಳಗೆಳೆಯುವ ಸೆಳೆತ. ಸಿಕ್ಕಿಕೊಂಡರೆ ದಡಕ್ಕೆ ನೇರವಾಗಿ ಈಜದೆ, ದಡದುದ್ದಕ್ಕೂ ಅಡ್ಡ ಈಜಿ ಅದರಿಂದ ಹೊರಬರಬೇಕು. ಕತ್ತಲಾದ ಮೇಲೆ ಯಾರೂ ನೀರಿಗೆ ಹೋಗಬಾರದು.

ಈ ಕರಾವಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಜೋರು ಬೆಳಕಿಗೆ ಮರಿಗಳು ದಾರಿ ತಪ್ಪುತ್ತವೆ, ಟಾರ್ಚ್ ಬೇಕಾದಾಗಷ್ಟೇ ಹಾಕಿ.

ವಾಪಸ್ ದೋಣಿಯನ್ನು ಬೆಳಿಗ್ಗೆಗೇ ಹೇಳಿಡಿ, ಮಧ್ಯಾಹ್ನ ಗಾಳಿ ಎದ್ದರೆ ಆ ಅಲೆಯಲ್ಲಿ ಮಕ್ಕಳನ್ನು ಹತ್ತಿಸುವುದು ಕಷ್ಟ. ದೋಣಿಯವರ ನಂಬರನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ನಿಮ್ಮ ಫೋನ್ ಚಾರ್ಜ್ ಖಾಲಿಯಾದರೆ ಬೇರೆಯವರ ಫೋನಿಂದ ಮಾಡಬಹುದು ಅಲ್ವಾ?