ಮಲ್ಪೆಯ ಮೀನಿನ ಲೆಕ್ಕ: ಆಕ್ಸೆಸ್ ವರದಿಯಲ್ಲಿ ಗುಂಪುವಾರು ಮೊತ್ತ ತೆಗೆಯುವ ಕ್ರಮ

ಮಲ್ಪೆ ಬಂದರಿನಲ್ಲಿ ಏಲಂ ಮುಗಿದ ಮೇಲೆ ಬೋಟುಗಳ ಲೆಕ್ಕವನ್ನು ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನ ಟೇಬಲ್ಲಿನಲ್ಲಿ ದಾಖಲಿಸುವ ಕಚೇರಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದೊಂದು ಮಾರಾಟಕ್ಕೂ ಒಂದು ಸಾಲು. ಅದರಲ್ಲಿ ದಿನಾಂಕ, ಬೋಟು, ಮೀನು, ತೂಕ, ಕಿಲೋ ದರ. ಆದರೆ ಬೋಟಿನ ಮಾಲೀಕರು ಕೇಳುವುದು ಈ ಸಾಲುಗಳನ್ನಲ್ಲ. ತಮ್ಮ ಬೋಟಿಗೆ ಬಂಗುಡೆ ಎಷ್ಟು, ಬೂತಾಯಿ ಎಷ್ಟು, ಒಟ್ಟು ಹಣ ಎಷ್ಟು ಎಂಬುದನ್ನು.

ಮೊದಲು ಗುಂಪು ಯಾವುದೆಂದು ನಿರ್ಧರಿಸಬೇಕು. ದೇವರ ಹೆಸರಿನ ಬೋಟುಗಳು ನಮ್ಮ ಕರಾವಳಿಯಲ್ಲಿ ಬಹಳ ಇರುವುದರಿಂದ, ಹೆಸರಿನ ಮೇಲೆ ಗುಂಪು ಮಾಡಿದರೆ ಇಬ್ಬರು ಮಾಲೀಕರ ಲೆಕ್ಕ ಒಂದಾಗಿಬಿಡಬಹುದು. ನೋಂದಣಿ ಸಂಖ್ಯೆಯ ಮೇಲೆ ಗುಂಪು ಮಾಡಿ, ಹೆಸರನ್ನು ಗುಂಪಿನ ಮೇಲ್ಭಾಗವಾದ ಹೆಡರ್‌ನಲ್ಲಿ ತೋರಿಸಿ. ಮೀನಿನ ವಿಷಯದಲ್ಲಿ ತೊಂದರೆ ಇದಕ್ಕೆ ವಿರುದ್ಧವಾದದ್ದು: ‘ಬಂಗುಡೆ’, ‘ಬಂಗ್ಡೆ’ ಎಂದು ಎರಡು ರೀತಿ ಬರೆದಿದ್ದರೆ ಒಂದೇ ಮೀನು ಎರಡು ಗುಂಪಾಗುತ್ತದೆ. ಮೀನುಗಳಿಗೆ ಪ್ರತ್ಯೇಕ ಟೇಬಲ್ ಮಾಡಿ, ಅಲ್ಲಿಂದಲೇ ಆರಿಸುವ ವ್ಯವಸ್ಥೆ ಇಟ್ಟುಕೊಳ್ಳಿ.

ವರದಿಯನ್ನು ಡಿಸೈನ್ ವ್ಯೂನಲ್ಲಿ ತೆರೆದು, ‘ಗ್ರೂಪ್ ಆಂಡ್ ಸಾರ್ಟ್’ ಒತ್ತಿ, ನೋಂದಣಿ ಸಂಖ್ಯೆಯನ್ನೂ ಅದರ ಕೆಳಗೆ ಮೀನನ್ನೂ ಗುಂಪಾಗಿ ಸೇರಿಸಿ. ‘ಮೋರ್’ ಒತ್ತಿದರೆ ಕಾಣುವ ಆಯ್ಕೆಗಳಲ್ಲಿ ಎರಡೂ ಗುಂಪುಗಳಿಗೆ ಫೂಟರ್ (ಗುಂಪಿನ ಕೊನೆಯಲ್ಲಿ ಬರುವ ಭಾಗ) ತೆರೆಯಿರಿ. ಫೂಟರ್‌ನಲ್ಲಿ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು =Sum([ತೂಕ]*[ದರ]) ಎಂಬ ಸೂತ್ರವನ್ನು ಕೊಡಿ. ಇದೇ ಸೂತ್ರ ಮೀನಿನ ಫೂಟರ್‌ನಲ್ಲಿ ಆ ಮೀನಿನ ಮೊತ್ತವನ್ನೂ, ಬೋಟಿನ ಫೂಟರ್‌ನಲ್ಲಿ ಬೋಟಿನ ಮೊತ್ತವನ್ನೂ, ರಿಪೋರ್ಟ್ ಫೂಟರ್‌ನಲ್ಲಿ ಎಲ್ಲದರ ಮೊತ್ತವನ್ನೂ ಕೊಡುತ್ತದೆ. ಪೇಜ್ ಫೂಟರ್‌ನಲ್ಲಿ ಮಾತ್ರ ಎರರ್ ಬರುತ್ತದೆ. ಸಮ್‌ನ ಒಳಗೆ ಟೇಬಲ್ಲಿನ ಅಥವಾ ಕ್ವೆರಿಯ (ಟೇಬಲ್ಲಿನಿಂದ ಬೇಕಾದ ದಾಖಲೆಗಳನ್ನು ಆರಿಸಿಕೊಡುವ ಪ್ರಶ್ನೆಯ) ಫೀಲ್ಡ್, ಅಂದರೆ ಕಾಲಮ್, ಇರಬೇಕೇ ಹೊರತು, ವರದಿಯಲ್ಲೇ ಲೆಕ್ಕ ಹಾಕಿದ ಟೆಕ್ಸ್ಟ್ ಬಾಕ್ಸಿನ ಹೆಸರಲ್ಲ.

ಸರಾಸರಿ ದರದಲ್ಲಿ ಹೆಚ್ಚಿನ ಎಚ್ಚರ ಬೇಕು. 100 ಕಿಲೋ ಬಂಗುಡೆ 150 ರೂಪಾಯಿಯಂತೆ, ಇನ್ನು 20 ಕಿಲೋ 210 ರೂಪಾಯಿಯಂತೆ ಹೋಯಿತೆಂದುಕೊಳ್ಳಿ. ದರದ ಫೀಲ್ಡಿಗೆ ಆವರೇಜ್ ಹಾಕಿದರೆ 180 ಬರುತ್ತದೆ. ನಿಜವಾಗಿ ಬಂದ ಹಣ 19,200 ರೂಪಾಯಿ, ತೂಕ 120 ಕಿಲೋ, ಆದ್ದರಿಂದ ದರ 160. ಮಾಲೀಕರ ಕೈಗೆ ಹೋಗುವ ಕಾಗದದಲ್ಲಿ ಈ 20 ರೂಪಾಯಿಯ ವ್ಯತ್ಯಾಸ ಸಣ್ಣದಲ್ಲ. ಹಣದ ಮೊತ್ತವನ್ನು ತೂಕದ ಮೊತ್ತದಿಂದ ಭಾಗಿಸಿಯೇ ದರವನ್ನು ತೋರಿಸಿ.

ತೂಕ ತುಂಬದೆ ಬಿಟ್ಟ ಸಾಲನ್ನು ಸಮ್ ಸದ್ದಿಲ್ಲದೆ ದಾಟಿಹೋಗುತ್ತದೆ. ಫೂಟರ್‌ನಲ್ಲಿ =Count(*) ಮತ್ತು =Count([ತೂಕ]) ಎರಡನ್ನೂ ಪಕ್ಕಪಕ್ಕದಲ್ಲಿ ಇಡುವುದು ನನ್ನ ಪದ್ಧತಿ: ಮೊದಲನೆಯದು ಎಲ್ಲ ಸಾಲುಗಳನ್ನು ಎಣಿಸುತ್ತದೆ, ಎರಡನೆಯದು ತೂಕ ಇರುವವನ್ನು ಮಾತ್ರ. ಎರಡೂ ಸಮವಾಗದಿದ್ದರೆ ವರದಿಯನ್ನು ಮುದ್ರಿಸುವ ಮೊದಲು ಚೀಟಿಗಳನ್ನು ತೆಗೆದು ನೋಡಬೇಕು.

ವರ್ಷವಾರು ಗುಂಪಿನಲ್ಲಿ ಇನ್ನೊಂದು ಮಾತಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ ಇರುವುದರಿಂದ ಇಲ್ಲಿಯ ಋತು ಆಗಸ್ಟ್‌ನಿಂದ ಮೇವರೆಗೆ ನಡೆಯುತ್ತದೆ. ಕ್ಯಾಲೆಂಡರ್ ವರ್ಷದ ಮೇಲೆ ಗುಂಪು ಮಾಡಿದರೆ ಒಂದು ಋತು ಎರಡು ತುಂಡಾಗುತ್ತದೆ. ಕ್ವೆರಿಯಲ್ಲಿ ಡೇಟ್‌ಆಡ್ ಫಂಕ್ಷನ್ ಬಳಸಿ ದಿನಾಂಕವನ್ನು 7 ತಿಂಗಳು ಹಿಂದಕ್ಕೆ ಸರಿಸಿ, ಅದರ ವರ್ಷವನ್ನು ಹೊಸ ಕಾಲಮ್ಮಾಗಿ ಮಾಡಿ, ಆ ಕಾಲಮ್ಮಿನ ಮೇಲೆ ಗುಂಪು ಮಾಡಿ. ಆಗ 2024ರ ಆಗಸ್ಟ್ 1 ಮತ್ತು 2025ರ ಮೇ 31 ಎರಡೂ 2024 ಎಂಬ ಒಂದೇ ಗುಂಪಿಗೆ ಬರುತ್ತವೆ.

ತಿಂಗಳವಾರು ವರದಿಯಲ್ಲಿ ಜೂನ್, ಜುಲೈ ಕಾಣಿಸುವುದೇ ಇಲ್ಲ, ಏಕೆಂದರೆ ದಾಖಲೆ ಇಲ್ಲದ ಕಡೆ ಗುಂಪೂ ಇರುವುದಿಲ್ಲ. ಆ ತಿಂಗಳುಗಳೂ ಸೊನ್ನೆಯೊಂದಿಗೆ ಕಾಣಬೇಕೆಂದರೆ 12 ತಿಂಗಳ ಒಂದು ಟೇಬಲ್ ಮಾಡಿ, ಅದರಿಂದ ಮಾರಾಟದ ದಾಖಲೆಗಳಿಗೆ ಲೆಫ್ಟ್ ಜಾಯಿನ್ (ಮಾರಾಟ ಇಲ್ಲದ ತಿಂಗಳನ್ನೂ ಉಳಿಸಿಕೊಳ್ಳುವ ಜೋಡಣೆ) ಮಾಡಿ, ಮೊತ್ತಕ್ಕೆ ಖಾಲಿ ಇದ್ದಲ್ಲಿ ಸೊನ್ನೆ ಕೊಡುವ ಎನ್‌ಝಡ್ ಫಂಕ್ಷನ್ ಹಾಕಿ. ಆದರೆ ಆ ವರದಿಯಲ್ಲಿ ಮಾರಾಟಗಳ ಸಂಖ್ಯೆಗೆ ಕೌಂಟ್(*) ಬಳಸಬೇಡಿ. ಬೋಟುಗಳು ದಡದಲ್ಲೇ ಇದ್ದ ಜೂನ್ ತಿಂಗಳಿಗೂ ಅದು ಒಂದು ಮಾರಾಟವನ್ನು ತೋರಿಸುತ್ತದೆ. ಅಲ್ಲಿ ಬೇಕಾದದ್ದು ಮಾರಾಟದ ಟೇಬಲ್ಲಿನ ನೋಂದಣಿ ಸಂಖ್ಯೆಯ ಕೌಂಟ್.